ಭಂಗಿಯ ಪರಿಮಳ: ಟರ್ಪೀನುಗಳ ಅಧ್ಯಯನ ಸಾಗಿಬಂದ ಹಾದಿ

ಭಂಗಿಗಿಡದ ಹೂಗೊಂಚಲಿನಿಂದ ಹೊಮ್ಮುವ ತೀಕ್ಷ್ಣವಾದ ಗಂಧಕ್ಕೂ, ಅದನ್ನು ಸೇವಿಸಿದವನ ಚಿತ್ತದಲ್ಲಿ ಉಂಟಾಗುವ ವಿಕಾರಕ್ಕೂ ಕಾರ್ಯಕಾರಣ ಸಂಬಂಧವೇನಾದರೂ ಉಂಟೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. 1857ರಲ್ಲಿ ಫ್ರಾನ್ಸಿನ ಪೆರ್ಸೋನ್ ಎಂಬವರು ಈ ಗಿಡವನ್ನು ನೀರಿನೊಡನೆ ಬಟ್ಟಿಯಿಳಿಸಿ, ದೊರೆತ ಬಾಷ್ಪಶೀಲ ತೈಲವೇ ಅದರ ಮಾದಕಶಕ್ತಿಗೆ ಮೂಲವೆಂದು ಬಗೆದರು. ಸುಮಾರು ನಲವತ್ತು ವರ್ಷಗಳ ತರುವಾಯ, 1896ರಲ್ಲಿ, ಕೇಂಬ್ರಿಜ್ಜಿನ ವುಡ್, ಸ್ಪಿವೆ ಮತ್ತು ಈಸ್ಟರ್‌ಫೀಲ್ಡ್ ಎಂಬ ಮೂವರು ಭಾರತದ ಚರಸ್ಸನ್ನು ಬಟ್ಟಿಯಿಳಿಸಿ ಅದರ ಘಟಕಗಳನ್ನು ಬೇರ್ಪಡಿಸಿದಾಗ, ಅದರಲ್ಲಿ ಪರಿಮಳ ಬೀರುವ ಒಂದು ಟರ್ಪೀನು, ಒಂದು ಸೆಸ್ಕ್ವಿಟರ್ಪೀನು, ಇವುಗಳೊಡನೆ ಕೆಂಬಣ್ಣದ ಒಂದು ಮಂದವಾದ ಎಣ್ಣೆ ದೊರೆತುವು. ಅಮಲೇರಿಸುವ ಗುಣ ಆ ಕೆಂಪೆಣ್ಣೆಯದೆಂದು ಅವರು ನಿರ್ಣಯಿಸಿದರು. ಅಲ್ಲಿಂದ ಮುಂದೆ ಭಂಗಿಯ ರಸಾಯನವೆಂದರೆ ಆ ಎಣ್ಣೆಯ ಒಳಗುಟ್ಟನ್ನು ಹುಡುಕುವ ಕಾರ್ಯವೇ ಆಗಿ, 1964ರಲ್ಲಿ ಇಸ್ರೇಲಿನ ಗಾವೊನಿ ಮತ್ತು ಮೆಕೌಲಮ್‌ರು ಟಿ.ಎಚ್.ಸಿ. ಎಂಬ ಮಾದಕದ್ರವ್ಯವನ್ನು ಶುದ್ಧರೂಪದಲ್ಲಿ ಪಡೆದು ಅದರ ರಚನೆಯನ್ನು ನಿರೂಪಿಸುವ ತನಕ, ಪರಿಮಳದ ಭಾಗವು ಬಹುಮಟ್ಟಿಗೆ ಅಲಕ್ಷ್ಯಕ್ಕೆ ಗುರಿಯಾಗಿಯೇ ಉಳಿಯಿತು. ಹೀಗೆ ಬದಿಗೆ ಸರಿದ ದ್ರವ್ಯವೇ ಇಂದು ಕೆನಡಾದಲ್ಲಿಯೂ ಅಮೆರಿಕದ ಅನೇಕ ಸಂಸ್ಥಾನಗಳಲ್ಲಿಯೂ ಭಂಗಿಯ ಪೊಟ್ಟಣಗಳ ಮೇಲೆ ಶೇಕಡಾವಾರು ಅಂಕಿಗಳೊಡನೆ ಮುದ್ರಿತವಾಗಿ, ಕೊಳ್ಳುವವರು ಅದನ್ನು ನೋಡಿಯೇ ಆರಿಸತಕ್ಕದ್ದೆಂಬ ಉಪದೇಶ ನಡೆಯುತ್ತಿರುವಾಗ, ಈ ಅಂಕಿಗಳಿಗೆ ಏನನ್ನು ಹೇಳುವ ಅಧಿಕಾರವಿದೆ, ಏನನ್ನು ಹೇಳುವ ಅಧಿಕಾರವಿಲ್ಲ ಎಂಬುದನ್ನು ವಿವೇಚಿಸುವುದು ಅವಶ್ಯಕವಾಗಿದೆ.

ಟರ್ಪೀನುಗಳ ಶಾಸ್ತ್ರ ಭಂಗಿಯನ್ನು ಆಶ್ರಯಿಸಿ ಹುಟ್ಟಿದುದಲ್ಲ. ಬಾನ್ ನಗರದಲ್ಲಿ ಕೆಕುಲೆಯವರ ಪ್ರಯೋಗಶಾಲೆಯೊಳಗೆ ಬಹುಕಾಲದಿಂದ ಯಾರೂ ಮುಟ್ಟದೆ ಉಳಿದಿದ್ದ ಸುಗಂಧತೈಲಗಳ ಸೀಸೆಗಳನ್ನು ಕೈಗೆತ್ತಿಕೊಂಡ ಆಟೋ ವಾಲಕ್‌ರು, ಬೇರೆಬೇರೆ ಸಸ್ಯಗಳಿಂದ ಬಂದು ಬೇರೆಬೇರೆ ಹೆಸರುಗಳನ್ನು ಹೊತ್ತಿದ್ದ ಹಲವು ದ್ರವ್ಯಗಳು ವಸ್ತುತಃ ಒಂದೇ ಎಂಬುದನ್ನು ತೋರಿಸಿಕೊಟ್ಟುದಲ್ಲದೆ, ಇವೆಲ್ಲವೂ ಐದು ಇಂಗಾಲದ ಪರಮಾಣುಗಳುಳ್ಳ ಐಸೊಪ್ರೀನೆಂಬ ಘಟಕದಿಂದ ಕಟ್ಟಲ್ಪಟ್ಟಂತೆ ಕಾಣುವುವೆಂಬುದನ್ನೂ ಗುರುತಿಸಿ, 1910ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಎರಡು ಘಟಕಗಳು ಕೂಡಿದರೆ ಹತ್ತು ಇಂಗಾಲದ ಮಾನೊಟರ್ಪೀನು. ಮೂರು ಕೂಡಿದರೆ ಹದಿನೈದರ ಸೆಸ್ಕ್ವಿಟರ್ಪೀನು. ನಿಂಬೆಯ ಸಿಪ್ಪೆಯ ಲಿಮೊನೀನು, ದೇವದಾರುಜಾತಿಯ ಮರಗಳ ಪೈನೀನು, ಮಾವಿನಲ್ಲಿಯೂ ಹಾಪ್ಸ್ ಹೂವಿನಲ್ಲಿಯೂ ಇರುವ ಮಿರ್ಸೀನು ಮೊದಲನೆಯ ವರ್ಗಕ್ಕೂ, ಕರಿಮೆಣಸಿನ ಕ್ಯಾರಿಯೊಫಿಲೀನು ಎರಡನೆಯದಕ್ಕೂ ಸೇರಿದುವು; ಮೈಸೂರಿನ ಶ್ರೀಗಂಧದೆಣ್ಣೆಗೆ ಕೀರ್ತಿಯನ್ನು ತಂದ ಸ್ಯಾಂಟಲಾಲ್ ಕೂಡ ಈ ಎರಡನೆಯ ಕುಲದ್ದೇ.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಬ್ಬ ವಿದ್ವಾಂಸರನ್ನು ಸ್ಮರಿಸದೆ ಮುಂದುವರಿಯಲು ನನಗೆ ಮನಸ್ಸಾಗದು. ಜಾನ್ ಲಯನೆಲ್ ಸೈಮನ್ಸೆನ್‌ರು 1910ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು, ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ದುಡಿದು, 1925ರಿಂದ 1928ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದವರು. ಹಿಮಾಲಯದ ಚಿರ್ ಮರದ ಟರ್ಪೆಂಟೈನಿನಲ್ಲಿ ಅವರು 1920ರಲ್ಲಿ ಕಂಡುಹಿಡಿದ ಕರೀನೆಂಬ ಟರ್ಪೀನು ಭಂಗಿಯ ಕೆಲವು ತಳಿಗಳಲ್ಲಿಯೂ ದೊರೆಯುತ್ತದೆ. ಟರ್ಪೀನುಗಳನ್ನು ಕುರಿತು ಅವರು ರಚಿಸಿದ ಬಹುಸಂಪುಟಗಳ ಗ್ರಂಥ ಒಂದು ತಲೆಮಾರಿನ ರಸಾಯನಜ್ಞರಿಗೆ ಆಕರವಾಗಿದ್ದಿತು. ಸ್ವದೇಶಕ್ಕೆ ಮರಳಿದ ಅವರೇ 1942ರಲ್ಲಿ ಅಲೆಕ್ಸಾಂಡರ್ ಟಾಡ್‌ರೊಡಗೂಡಿ ಈಜಿಪ್ಟಿನ ಹಶೀಷಿನ ಸುಗಂಧತೈಲವನ್ನು ಪರೀಕ್ಷಿಸಿ, ಎಲ್ಲರ ದೃಷ್ಟಿಯೂ ಅಮಲಿನ ದ್ರವ್ಯದ ಕಡೆಗೆ ಹರಿದಿದ್ದ ಕಾಲದಲ್ಲಿ ಅದರ ಪರಿಮಳಕ್ಕೂ ಅಧ್ಯಯನದ ಗೌರವವನ್ನು ಸಲ್ಲಿಸಿದರು.

ಪರಿಮಳವೂ ಅಮಲೂ ಒಂದೇ ಬಸಿರಿನಿಂದ ಬಂದುವೆಂಬುದು ಅನಂತರದ ಜೀವರಸಾಯನಶಾಸ್ತ್ರದಿಂದ ಸ್ಪಷ್ಟವಾಯಿತು. ಹೆಣ್ಣುಹೂವಿನ ಮೇಲೆ ಹರಳಿನಂತೆ ಮಿನುಗುವ ಸೂಕ್ಷ್ಮವಾದ ಗ್ರಂಥಿರೋಮಗಳಲ್ಲಿ ಸಿದ್ಧವಾಗುವ ಜೆರಾನೈಲ್ ಪೈರೊಫಾಸ್ಫೇಟ್ ಎಂಬ ಹತ್ತು ಇಂಗಾಲದ ದ್ರವ್ಯವು ಒಂದು ಕಿಣ್ವದ ಕೈಗೆ ಸಿಕ್ಕಿದರೆ ಲಿಮೊನೀನೋ ಮಿರ್ಸೀನೋ ಆಗುತ್ತದೆ. ಇನ್ನೊಂದರ ಕೈಗೆ ಸಿಕ್ಕಿ ಒಲಿವೆಟೋಲಿಕ್ ಆಮ್ಲದೊಡನೆ ಬೆರೆತರೆ ಟಿ.ಎಚ್.ಸಿ.ಯ ಪೂರ್ವರೂಪವಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಬೂತ್, ಪೇಜ್ ಮತ್ತು ಬೋಲ್ಮನ್‌ರು 2017ರಲ್ಲಿ ಟರ್ಪೀನುಗಳನ್ನು ನಿರ್ಮಿಸುವ ಇಂಥ ಅನೇಕ ಕಿಣ್ವಗಳ ವಂಶವಾಹಿಗಳನ್ನು ಭಂಗಿಯಲ್ಲಿಯೇ ಗುರುತಿಸಿದರು.

ಜನ್ಮದಲ್ಲಿ ಒಡಹುಟ್ಟಿದುವು ಕಾರ್ಯದಲ್ಲಿಯೂ ಒಡಗೂಡುತ್ತವೆಯೇ ಎಂಬುದೇ ಈ ಶಾಸ್ತ್ರದ ಕ್ಲಿಷ್ಟವಾದ ಅಧ್ಯಾಯ. 1998ರಲ್ಲಿ ಬೆನ್ ಶಬತ್, ಮೆಕೌಲಮ್ ಮೊದಲಾದವರು ‘ಪರಿವಾರ ಪರಿಣಾಮ’ವೆಂಬ ಭಾವನೆಯನ್ನು ಮುಂದಿಟ್ಟುದು ಸಸ್ಯವನ್ನು ಕುರಿತಲ್ಲ, ಪ್ರಾಣಿದೇಹದಲ್ಲಿಯೇ ಉತ್ಪನ್ನವಾಗುವ ಒಂದು ದ್ರವ್ಯದ ಕಾರ್ಯವನ್ನು, ತಾವಾಗಿ ನಿಷ್ಕ್ರಿಯವಾದ ಅದರ ಸಹಚರ ದ್ರವ್ಯಗಳು ಬಲಪಡಿಸುವುದನ್ನು ಕುರಿತು. ಆ ಭಾವನೆಯನ್ನು ಭಂಗಿಯ ಟರ್ಪೀನುಗಳಿಗೆ ವಿಸ್ತರಿಸಿದವರಲ್ಲಿ ಈಥನ್ ರುಸ್ಸೊ ಅಗ್ರಗಣ್ಯರು; 2011ರ ಅವರ ದೀರ್ಘಲೇಖನದಲ್ಲಿ ಯಾವ ಟರ್ಪೀನು ಯಾವ ವಿಧದಲ್ಲಿ ಟಿ.ಎಚ್.ಸಿ.ಯ ಕಾರ್ಯವನ್ನು ತಿದ್ದಬಹುದೆಂಬುದರ ಊಹೆಗಳು ಒಂದೆಡೆ ಸಂಗ್ರಹವಾದುವು. ಅದಕ್ಕೂ ಮೊದಲೇ, 2008ರಲ್ಲಿ, ಯೂರ್ಗ್ ಗೆರ್ಟ್ಶ್‌ರೂ ಅವರ ಸಂಗಡಿಗರೂ ಕರಿಮೆಣಸಿನ ಕ್ಯಾರಿಯೊಫಿಲೀನು ದೇಹದ ಸಿ.ಬಿ. 2 ಎಂಬ ಗ್ರಾಹಿಗೆ (ಜೀವಕೋಶದ ಮೇಲೆ ದ್ರವ್ಯವೊಂದು ಅಂಟಿಕೊಳ್ಳುವ ತಾಣಕ್ಕೆ) ನೇರವಾಗಿ ಅಂಟಿಕೊಳ್ಳುವುದೆಂದು ತೋರಿಸಿದ್ದರು. ಈ ಗ್ರಾಹಿಯು ಅಮಲಿಗೆ ಕಾರಣವಾದುದಲ್ಲ, ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದುದು. ಊಹೆಯಾಗಿ ಮಂಡಿತವಾದುದು ಮಾರುಕಟ್ಟೆಯನ್ನು ಮುಟ್ಟುವ ಹೊತ್ತಿಗೆ ಸಿದ್ಧಾಂತವಾಗಿಬಿಟ್ಟಿತು: ಮಿರ್ಸೀನಿದ್ದರೆ ನಿದ್ರೆ, ಲಿಮೊನೀನಿದ್ದರೆ ಉಲ್ಲಾಸ, ಪೈನೀನಿದ್ದರೆ ಎಚ್ಚರ, ಲಿನಲೂಲೆಂಬ ಇನ್ನೊಂದು ಟರ್ಪೀನಿದ್ದರೆ ಶಾಂತಿ. ಇವುಗಳಲ್ಲಿ ಬಹುಪಾಲಿಗೆ ಆಧಾರವಾಗಿರುವುದು ಇಲಿಗಳಿಗೆ ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದ ಪರೀಕ್ಷೆಗಳು ಮಾತ್ರ. ರೋಗಿಯೊಬ್ಬನು ನೋವಿಗಾಗಿಯೋ ನಿದ್ರೆಗಾಗಿಯೋ ಇಂಥ ಪಟ್ಟಿಯನ್ನು ನಂಬಿ ಹಣ ತೆರುವುದನ್ನು ನೆನೆದರೆ ವ್ಯಥೆಯಾಗುತ್ತದೆ.

ಪರೀಕ್ಷೆಗಳ ತೀರ್ಪು ಇನ್ನೂ ಒಮ್ಮತಕ್ಕೆ ಬಂದಿಲ್ಲ. 2019ರಲ್ಲಿ ಸಿಡ್ನಿಯ ಸಂಶೋಧಕರು ಭಂಗಿಯ ಸಾಮಾನ್ಯ ಟರ್ಪೀನುಗಳನ್ನು ಜೀವಕೋಶಗಳ ಮೇಲೆ ಪ್ರಯೋಗಿಸಿ, ಅವು ಟಿ.ಎಚ್.ಸಿ. ಕಾರ್ಯವೆಸಗುವ ಗ್ರಾಹಿಗಳನ್ನು ತಾವಾಗಿ ಪ್ರಚೋದಿಸುವುದೂ ಇಲ್ಲ, ಟಿ.ಎಚ್.ಸಿ.ಯ ಕಾರ್ಯವನ್ನು ಬದಲಿಸುವುದೂ ಇಲ್ಲವೆಂದರು. 2021ರಲ್ಲಿ ಅರಿಜೋನಾದವರು ಕೆಲವು ಟರ್ಪೀನುಗಳು ಇಲಿಗಳಲ್ಲಿ ಭಂಗಿಯಂತೆಯೇ ವರ್ತಿಸುವುದನ್ನು ಕಂಡರು. ಮನುಷ್ಯರ ಮೇಲೆ ಶ್ರದ್ಧೆಯಿಂದ ನಡೆದ ಪ್ರಯೋಗವೆಂದರೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ್ದು, 2024ರಲ್ಲಿ ಪ್ರಕಟವಾದುದು. ಇಪ್ಪತ್ತು ಮಂದಿ ಆರೋಗ್ಯವಂತರು ಆವಿಯ ರೂಪದಲ್ಲಿ ಟಿ.ಎಚ್.ಸಿ.ಯನ್ನು ಒಮ್ಮೆ ಒಂಟಿಯಾಗಿಯೂ ಒಮ್ಮೆ ಲಿಮೊನೀನಿನೊಡನೆಯೂ ಸೇದಿದಾಗ, 30 ಮಿಲಿಗ್ರಾಂ ಟಿ.ಎಚ್.ಸಿ.ಯೊಡನೆ 15 ಮಿಲಿಗ್ರಾಂ ಲಿಮೊನೀನು ಕೂಡಿದ್ದ ಸಂದರ್ಭದಲ್ಲಿ, ಅವರ ಪೈಕಿ ಆ ಮಿಶ್ರಣವನ್ನು ಸೇದಿದ ಹನ್ನೆರಡು ಮಂದಿಯ ಆತಂಕ ಗಮನಾರ್ಹವಾಗಿ ತಗ್ಗಿತು. ಸಂತೋಷದ ಸಂಗತಿಯೇ, ಆದರೆ ಈ ಅನುಪಾತವನ್ನು ಗಮನಿಸಬೇಕು. ನೂರರಲ್ಲಿ ಇಪ್ಪತ್ತು ಪಾಲು ಟಿ.ಎಚ್.ಸಿ.ಯೂ ಒಂದು ಪಾಲು ಲಿಮೊನೀನೂ ಉಳ್ಳ ಹೂವಿನಲ್ಲಿ ಅಷ್ಟೇ ಟಿ.ಎಚ್.ಸಿ.ಗೆ ದೊರೆಯುವುದು ಕೇವಲ ಒಂದೂವರೆ ಮಿಲಿಗ್ರಾಂ ಲಿಮೊನೀನು, ಎಂದರೆ ಪ್ರಯೋಗದಲ್ಲಿ ಬಳಸಿದುದರ ದಶಾಂಶ.

ಪರಿಣಾಮದ ವಿಷಯದಲ್ಲಿ ಇಷ್ಟು ಸಂದಿಗ್ಧವಾಗಿರುವ ಟರ್ಪೀನುಗಳು, ಗಿಡದ ಗುರುತಿನ ವಿಷಯದಲ್ಲಿ ಮಾತ್ರ ಬಹಳ ಪ್ರಾಮಾಣಿಕವಾದ ಸಾಕ್ಷಿಗಳು. 1753ರಲ್ಲಿ ಲಿನೇಯಸ್‌ರು ಇಟ್ಟ ಸಟೈವ, 1785ರಲ್ಲಿ ಲಾಮಾರ್ಕ್‌ರು ಭಾರತದ ಗಿಡಕ್ಕೆ ಇಟ್ಟ ಇಂಡಿಕ ಎಂಬ ಹೆಸರುಗಳನ್ನು ವ್ಯಾಪಾರಿಗಳು ಉತ್ತೇಜಕ, ನಿದ್ರಾಕಾರಕ ಎಂಬ ಅರ್ಥದಲ್ಲಿ ಬಳಸುತ್ತಿರುವುದಕ್ಕೆ ಸಸ್ಯಶಾಸ್ತ್ರದ ಬೆಂಬಲವಿಲ್ಲ. 2021ರಲ್ಲಿ ಡಲ್‌ಹೌಸಿ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿದಾಗ, ಈ ಹೆಸರುಗಳನ್ನು ಹೊತ್ತ ಚೀಟಿಗಳು ಗಿಡದ ವಂಶವನ್ನು ಸರಿಯಾಗಿ ಸೂಚಿಸದೆ, ಮಿರ್ಸೀನಿನಂತಹ ಕೆಲವೇ ಟರ್ಪೀನುಗಳ ಏರಿಳಿತವನ್ನು ಅನುಸರಿಸುತ್ತಿದ್ದುವು. ಬೆಳೆಗಾರರು ಪ್ರಾಯಶಃ ಮೂಗಿನಿಂದಲೇ ಹೆಸರಿಡುತ್ತ ಬಂದಿದ್ದರು. ಮರುವರ್ಷ ಅಮೆರಿಕದ ಆರು ಸಂಸ್ಥಾನಗಳ ಸುಮಾರು ತೊಂಬತ್ತು ಸಾವಿರ ಮಾದರಿಗಳ ವಿಶ್ಲೇಷಣೆ ಪ್ರಕಟವಾದಾಗ, ಮಾರುಕಟ್ಟೆಯ ಅಸಂಖ್ಯಾತ ತಳಿಗಳು ಟರ್ಪೀನುಗಳ ದೃಷ್ಟಿಯಿಂದ ಮೂರೇ ಮುಖ್ಯ ಗುಂಪುಗಳಲ್ಲಿ ಅಡಗುವುವೆಂದು ತಿಳಿದುಬಂದಿತು: ಕ್ಯಾರಿಯೊಫಿಲೀನು ಮತ್ತು ಲಿಮೊನೀನುಗಳದೊಂದು, ಮಿರ್ಸೀನು ಮತ್ತು ಪೈನೀನುಗಳದೊಂದು, ಟರ್ಪಿನೊಲೀನು ಮತ್ತು ಮಿರ್ಸೀನುಗಳದು ಇನ್ನೊಂದು.

ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯ ಪ್ರಕಾರ ಹೂಗೊಂಚಲೂ ಚರಸ್ಸೂ ನಿಷಿದ್ಧವಾಗಿರುವುದರಿಂದ ಆಯ್ಕೆಯ ಮಾತು ಇಲ್ಲಿಯ ಸಾಮಾನ್ಯ ಓದುಗರಿಗೆ ಅನ್ವಯಿಸದು. ಕಾನೂನು ಅನುಮತಿಸುವ ದೇಶಗಳಲ್ಲಿ ವಾಸಿಸುವವರು ಮೊದಲು ಟಿ.ಎಚ್.ಸಿ.ಯ ಪ್ರಮಾಣವನ್ನು ನೋಡಬೇಕು, ಏಕೆಂದರೆ ಲಾಭವೂ ಅಪಾಯವೂ ಮುಖ್ಯವಾಗಿ ಅದನ್ನೇ ಅವಲಂಬಿಸಿವೆ. ಹಿಂದೆ ತಮಗೆ ಹಿತವಾದ ಅಥವಾ ಅಹಿತವಾದ ಮಾದರಿಯನ್ನು ಮತ್ತೆ ಗುರುತಿಸುವುದಕ್ಕೆ ತಳಿಯ ಹೆಸರಿಗಿಂತ ಟರ್ಪೀನುಗಳ ಪಟ್ಟಿ ಹೆಚ್ಚು ನೆರವಾದೀತು. ಪೊಟ್ಟಣ ಕಟ್ಟಿದ ದಿನಾಂಕವನ್ನೂ ಕಡೆಗಣಿಸಬಾರದು. ಮಿಸಿಸಿಪ್ಪಿಯ ರಾಸ್ ಮತ್ತು ಎಲ್‌ಸೊಹ್ಲಿಯವರು 1996ರಲ್ಲಿಯೇ ತೋರಿಸಿದಂತೆ, ಹೂವು ಒಣಗಿ ಹಳತಾಗುತ್ತ ಬಂದಹಾಗೆ ಹಗುರವಾದ ಮಾನೊಟರ್ಪೀನುಗಳು ಹಾರಿಹೋಗಿ ಭಾರವಾದ ಸೆಸ್ಕ್ವಿಟರ್ಪೀನುಗಳ ಪಾಲು ಹೆಚ್ಚುತ್ತದೆಯಾದುದರಿಂದ, ಚೀಟಿಯ ಅಂಕಿ ಹೇಳುವುದು ಪರೀಕ್ಷೆಯ ದಿನದ ಹೂವನ್ನೇ ಹೊರತು ಕೈಯಲ್ಲಿರುವುದನ್ನಲ್ಲ. ಅಲ್ಲದೆ ಗಂಧವೆಲ್ಲವೂ ಟರ್ಪೀನಿನದೇ ಅಲ್ಲವೆಂಬುದೂ ಈಗ ಗೊತ್ತಾಗಿದೆ: ಕೆಲವು ತಳಿಗಳ ಮೂಗು ಬಿರಿಯುವ ಕಟುವಾಸನೆಗೆ ಕಾರಣವಾದುದು ಅತ್ಯಲ್ಪ ಪ್ರಮಾಣದಲ್ಲಿರುವ, ಗಂಧಕವನ್ನೊಳಗೊಂಡ ಬೇರೊಂದು ದ್ರವ್ಯವೆಂಬುದು 2021ರಲ್ಲಿ ಪತ್ತೆಯಾಯಿತು, ಮತ್ತು ಟರ್ಪೀನುಗಳನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ.