ಯೋಧನ ಜೇಬಿನ ಗಾಯಪಟ್ಟಿ

ಯುದ್ಧದ ಹಳೆಯ ವಸ್ತುಗಳನ್ನು ಕೂಡಿಡುವವರು ಹೆಚ್ಚಾಗಿ ಕತ್ತಿ, ಬಂದೂಕು, ಪದಕಗಳನ್ನೇ ಅರಸುವರು. ಕೊಲ್ಲುವ ಸಾಧನಕ್ಕಿರುವ ಬೆಲೆ ಬದುಕಿಸುವ ಸಾಧನಕ್ಕಿಲ್ಲ. ಆದರೂ ರಣರಂಗದ ವೈದ್ಯಸಾಮಗ್ರಿಯನ್ನೇ ಹುಡುಕಿ ಜೋಪಾನಮಾಡುವ ಸಂಗ್ರಾಹಕರು ಇದ್ದಾರೆ. ಅವರ ಕಪಾಟಿನ ಬಟ್ಟೆಯ ಚೂರುಗಳು ಪದಕಗಳು ಹೇಳದ ಚರಿತ್ರೆಯನ್ನು ಹೇಳುತ್ತವೆ.

ಗಾಯದ ನಂಜನ್ನು ತಡೆಯುವ ಮಾರ್ಗವನ್ನು ಲಿಸ್ಟರನು ೧೮೬೭ರಲ್ಲಿ ಪ್ರಕಟಿಸಿದನು. ಎರಡೇ ವರ್ಷಗಳಲ್ಲಿ ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕನು ರಣಭೂಮಿಯ ಮೊದಲ ಪಟ್ಟಿಯನ್ನು ಕುರಿತೇ ಒಂದು ಪುಸ್ತಕ ಬರೆದನು. ಅವನು ಬಳಕೆಗೆ ತಂದ ತ್ರಿಕೋನ ಬಟ್ಟೆಯ ಮೇಲೆ, ಅದನ್ನು ಕಟ್ಟುವ ಬಗೆಯನ್ನು ಚಿತ್ರಗಳಲ್ಲಿ ಅಚ್ಚುಹಾಕಿದ್ದಿತು. ಓದು ಬಾರದ ಸಿಪಾಯಿಗೂ ಅದು ಪಾಠವೇ ಸರಿ.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕನ ಅಂಗಿಯ ಒಳಜೇಬಿನಲ್ಲಿ ಒಂದು ಪೊಟ್ಟಣವಿರುತ್ತಿದ್ದಿತು. ಅದರೊಳಗೆ ಎರಡು ಗಾಯಪಟ್ಟಿಗಳು. ಗುಂಡು ಹೊಕ್ಕ ಕಡೆಗೊಂದು, ಹೊರಬಿದ್ದ ಕಡೆಗೊಂದು. ಹೊದಿಕೆಯ ಮೇಲೆ ಅಚ್ಚಾಗಿರುವ ತಯಾರಕರ ಹೆಸರು, ಇಸವಿಗಳಿಂದಲೇ ಸಂಗ್ರಾಹಕರು ಇಂದು ಅದರ ಕಾಲವನ್ನು ಗುರುತಿಸುವುದು.

ಆದರೆ ಪೊಟ್ಟಣವಿದ್ದ ಮಾತ್ರಕ್ಕೆ ಪ್ರಾಣ ಉಳಿಯಲಿಲ್ಲ. ೧೯೧೫ರ ನವೆಂಬರಿನಲ್ಲಿ ಬಾಗ್ದಾದಿನ ಬಳಿಯ ಟೆಸಿಫಾನಿನಲ್ಲಿ ಗಾಯಗೊಂಡವರನ್ನು, ಅವರಲ್ಲಿ ಭಾರತೀಯ ಸಿಪಾಯಿಗಳೇ ಬಹುಮಂದಿ, ನದಿಯ ದೋಣಿಗಳಲ್ಲಿ ಕಿಕ್ಕಿರಿದು ತುಂಬಿ ಬಸ್ರಾಕ್ಕೆ ಕಳುಹಿಸಿದರು. ದಿನಗಟ್ಟಲೆ ಅವರ ಪಟ್ಟಿ ಬದಲಿಸುವವರಿರಲಿಲ್ಲ. ಮುರಿದ ತೊಡೆಗೆ ವಿಸ್ಕಿ ಪೆಟ್ಟಿಗೆಯ ಹಲಗೆ ಕಟ್ಟಿದ್ದುದನ್ನು ಆಸ್ಪತ್ರೆ ಹಡಗಿನ ವೈದ್ಯ ಮೇಜರ್ ಕಾರ್ಟರ್ ಕಂಡು ದೂರಿತ್ತನು. ಮೇಲಧಿಕಾರಿಗಳು ಅವನನ್ನೇ ಗದರಿಸಿದರು. ೧೯೧೭ರಲ್ಲಿ ವಿಚಾರಣಾ ಆಯೋಗದ ವರದಿ ಹೊರಬಂದಾಗ ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆಯಿತ್ತನು. ಆ ರಣರಂಗದ ಗಾಯಾಳುಗಳು ಬಂದಿಳಿಯುತ್ತಿದ್ದುದು ನಮ್ಮ ಮುಂಬಯಿಯ ಬಂದರಿನಲ್ಲಿಯೇ.

ಅದೇ ಯುದ್ಧದಲ್ಲಿ, ಫ್ರಾನ್ಸಿನಲ್ಲಿ, ಥಾಮಸ್ ಪಟ್ಟಿಕಂಬಿ ಎಂಬ ಸರಳ ಕಬ್ಬಿಣದ ಚೌಕಟ್ಟು ತೊಡೆಯೆಲುಬು ಮುರಿದವರನ್ನು ಉಳಿಸಿತು. ನೂರಕ್ಕೆ ಸುಮಾರು ಎಂಬತ್ತು ಮಂದಿ ಸಾಯುತ್ತಿದ್ದುದು ಇಪ್ಪತ್ತರ ಸನಿಹಕ್ಕೆ ಇಳಿಯಿತೆಂದು ಆಗಿನ ವೈದ್ಯರ ಲೆಕ್ಕ. ಕಬ್ಬಿಣದ ಕಂಬಿಗೂ ವಿಸ್ಕಿ ಹಲಗೆಗೂ ಇದ್ದ ಅಂತರ ಸರಕಿನದಲ್ಲ, ಕಾಳಜಿಯದು.

ಸಂಗ್ರಹಿಸುವವರಿಗೆ ಎಚ್ಚರವೂ ಬೇಕು. ಮೊಹರು ಒಡೆಯದ ಪೊಟ್ಟಣವನ್ನು ಬಿಚ್ಚಬಾರದು. ಕೆಲವು ಪಟ್ಟಿಗಳಲ್ಲಿ ಪಾದರಸದ ವಿಷವಿದೆ. ಸುಟ್ಟಗಾಯಕ್ಕೆ ಬಳಸುತ್ತಿದ್ದ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯಬಲ್ಲುದು. ಮಾರ್ಫಿನ್ ಉಳಿದಿರುವ ಕೊಳವೆಗಳನ್ನು ಇಟ್ಟುಕೊಳ್ಳಲು ಕಾನೂನಿನ ನಿರ್ಬಂಧವಿದೆ.

ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರಿನವನು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳ ಅವನದು. ಅಂಥವರ ಸಾಮಾನು ಯಾವ ಯಾವ ಮನೆಯ ಟ್ರಂಕಿನಲ್ಲಿದೆಯೋ! ಊರು ಬಿಟ್ಟು ಬಂದ ನಾವು ಹಳೆಯ ಮನೆ ಖಾಲಿಮಾಡುವಾಗ ಹಳಸಿದ ಪಟ್ಟಿಯೆಂದು ಎಸೆಯದೆ, ಅದು ಯಾರದೆಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಹೆಸರು ಬರೆದಿಡೋಣ. ಹೆಸರಿಲ್ಲದಿದ್ದರೆ ಅದು ಬರಿಯ ಬಟ್ಟೆ.