ನಲವತ್ತೆಂಟು ವೋಲ್ಟಿನ ಕಿಡಿ

ಬೆಂಗಳೂರಿನಲ್ಲಿ ಕೂತ ಮಗ ಲಿಥಿಯಂ ಬ್ಯಾಟರಿ ಆರ್ಡರ್ ಮಾಡ್ತಾನೆ. ಬೈಲಹೊಂಗಲದ ಮನೆಗೆ ವೈರ್‌ಮನ್ ಬಂದು ಕೂಡಿಸಿ ಹೋಗ್ತಾನೆ. ಅವ್ವ ಫೋನಿನಲ್ಲಿ "ಕರೆಂಟ್ ಹೋದ್ರೂ ಫ್ಯಾನ್ ತಿರಗತೈತಿ" ಅಂತಾಳೆ. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಒಂದು ಸ್ವಿಚ್ ಇದೆಯಲ್ಲ, ಅದರ ಬಗ್ಗೆ ಯಾರೂ ಕೇಳೋದಿಲ್ಲ. ಆ ಸ್ವಿಚ್ಚಿನ ಸಮಸ್ಯೆಗೆ 140 ವರ್ಷ ವಯಸ್ಸು.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಹಂಚಿದ್ದು 110 ವೋಲ್ಟಿನ ಡಿಸಿ. ಡಿಸಿ ಸ್ವಿಚ್ಚನ್ನು ನಿಧಾನಕ್ಕೆ ತೆಗೆದರೆ ಸಂದಿನ ಗಾಳಿಯೇ ಕಾದು ತಂತಿಯಾಗಿಬಿಡುತ್ತದೆ; ಕಿಡಿ ಆರದೆ ಉರಿಯುತ್ತಾ ತಾಮ್ರವನ್ನೇ ತಿನ್ನುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ಕೈ ಎಷ್ಟೇ ನಿಧಾನವಿರಲಿ, ಒಳಗಿನ ಲೋಹ ಮಾತ್ರ ಥಟ್ಟನೆ ದೂರ ಸರಿಯಬೇಕು. ಇವತ್ತಿಗೂ ಸ್ವಿಚ್ಚಿನಿಂದ ಬರುವ 'ಟಕ್' ಸದ್ದಿನ ಮೂಲ ಅದೇ.

ಆಮೇಲೆ ಎಸಿ ಗೆದ್ದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಗಿದ್ದೂ, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿದ್ದೂ ಎಸಿಯೇ. ನಮ್ಮ 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿ ತಾನಾಗಿಯೇ ಆರುತ್ತದೆ. ಸ್ವಿಚ್ಚುಗಳು ಸಣ್ಣವಾದವು, ಅಗ್ಗವಾದವು. ಡಿಸಿಯ ಭಯ ಮರೆತೇಹೋಯಿತು.

ಪೂರ್ತಿ ಅಲ್ಲ. ಸವದತ್ತಿ, ರಾಮದುರ್ಗದಂಥ ಊರುಗಳ ಟೆಲಿಫೋನ್ ಎಕ್ಸ್‌ಚೇಂಜುಗಳು ನಡೆದದ್ದು 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ. ಇವತ್ತು ಮನೆಗೆ ಬರುತ್ತಿರುವುದೂ ಅದೇ ವೋಲ್ಟೇಜು. (ಕಿತ್ತೂರಿನ ಪಕ್ಕದ ಹೈವೇ ನಂಬರೂ 48. ಬರೀ ಕಾಕತಾಳೀಯ.) ಆದರೆ ಬ್ಯಾಟರಿ ರೂಮಿನ ವಿದ್ಯೆ ಎಕ್ಸ್‌ಚೇಂಜಿನ ಗೋಡೆ ದಾಟಿ ಊರೊಳಗೆ ಬರಲಿಲ್ಲ. ಊರಿಗೆ ಗೊತ್ತಿದ್ದ ಡಿಸಿ ಅಂದರೆ ಟ್ರ್ಯಾಕ್ಟರಿನ 12 ವೋಲ್ಟು. ಅದು ಕಲಿಸಿದ್ದು ತಪ್ಪು ಪಾಠ, ಅನ್ನೋದು ನನ್ನ ವಾದ. ತಾಮ್ರದ ನಡುವೆ ಕಿಡಿ ನಿಂತು ಉರಿಯೋಕೆ ಹನ್ನೆರಡು-ಹದಿಮೂರು ವೋಲ್ಟಾದರೂ ಬೇಕು. ಟ್ರ್ಯಾಕ್ಟರ್ ಬ್ಯಾಟರಿಯ ಕಿಡಿ ಚಟ್ ಎಂದು ಸಾಯುತ್ತದೆ. 48 ವೋಲ್ಟಿನದು ಸಾಯಬೇಕಿಲ್ಲ. ಅದೂ ಎಷ್ಟು ಕರೆಂಟು? 5 ಕಿಲೋವ್ಯಾಟ್ ಲೋಡಿಗೆ 230 ವೋಲ್ಟಿನಲ್ಲಿ 22 ಆಂಪಿಯರ್ ಸಾಕು, 48ರಲ್ಲಿ 100 ದಾಟುತ್ತದೆ.

ಹಾಗಾಗಿ ಮನೆಯ ಎಸಿ ಎಂಸಿಬಿಯನ್ನೇ ತಂದು ಬ್ಯಾಟರಿಗೆ ಹಾಕಿದರೆ, ಬೇಕಾದ ಹೊತ್ತಿಗೇ ಅದು ಒಳಗೊಳಗೇ ಉರಿಯಬಹುದು. ಡಿಸಿ ಎಂಸಿಬಿಯಲ್ಲೂ ಒಂದು ತೊಡಕಿದೆ. ಕೆಲವದರೊಳಗೆ ಕಿಡಿಯನ್ನು ದೂರ ತಳ್ಳಲು ಆಯಸ್ಕಾಂತ ಇರುತ್ತದೆ, ಕರೆಂಟ್ ಉಲ್ಟಾ ಹರಿದರೆ ಕಿಡಿಯನ್ನೂ ಉಲ್ಟಾ ತಳ್ಳುತ್ತದೆ. ಸೋಲಾರ್ ಪ್ಯಾನಲ್ಲಿಗೆ ಅದು ನಡೆಯುತ್ತೆ, ಅಲ್ಲಿ ಕರೆಂಟಿಗೆ ಒಂದೇ ದಾರಿ. ಬ್ಯಾಟರಿಯಲ್ಲಿ ಚಾರ್ಜಾಗುವಾಗ ಒಂದು ಕಡೆ, ಖರ್ಚಾಗುವಾಗ ಇನ್ನೊಂದು ಕಡೆ.

ಊರಿಗೆ ಫೋನ್ ಮಾಡಿದಾಗ ಆ ಸ್ವಿಚ್ಚಿನದೊಂದು ಫೋಟೋ ತರಿಸಿಕೊಳ್ಳಿ. ವೋಲ್ಟೇಜಿನ ಪಕ್ಕ ಅಲೆಯಂಥ ಗುರುತಷ್ಟೇ ಇದ್ದರೆ ಅದು ಎಸಿಯದು. ಡಿಸಿಗೆ ನೇರ ಗೆರೆ, ಕೆಳಗೆ ತುಂಡುತುಂಡು ಗೆರೆ. ಪ್ಲಸ್-ಮೈನಸ್ ಗುರುತಿದ್ದರೆ ಬ್ಯಾಟರಿಗೆ ಬೇಡ, ಎರಡೂ ದಿಕ್ಕಿಗೆ ನಡೆಯುವಂಥದ್ದು ಕೇಳಿ. ಆಫ್ ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲೇ ಅಂಟಿಸಲು ಹೇಳಿ: ಮೊದಲು ಫ್ಯಾನು, ಫ್ರಿಜ್ಜು; ಆಮೇಲೆ ಇನ್ವರ್ಟರ್; ಕೊನೆಗೆ ಬ್ಯಾಟರಿಯ ಸ್ವಿಚ್.