ನೋಡಿ ನೋಡಿ ಕಲಿಯುವ ವಿದ್ಯೆ

ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರ ಹುಟ್ಟೂರು ಮೋಟೆಬೆನ್ನೂರು. ಅಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಸ್ವಲ್ಪ ದೂರದಲ್ಲೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಚಿತ್ರೀಕರಣಕ್ಕೆಂದು ಹೋಗಿದ್ದಾಗ ಹಿರಿಯ ವ್ಯಾಪಾರಿಯೊಬ್ಬರು ಚೀಲಗಳಿಗೆ ಕೈಹಾಕಿ, ಇದು ಡಬ್ಬಿ, ಇದು ಕಡ್ಡಿ, ಇದು ಇನ್ನೂ ಒಣಗಬೇಕು ಎಂದು ಕ್ಷಣದಲ್ಲಿ ಹೇಳಿದರು. ಹೇಗೆ ತಿಳಿಯಿತೆಂದು ಕೇಳಿದೆ. “ಹೆಂಗಂತ ಹೇಳೂದ್ರೀ? ನೋಡಿ ನೋಡಿ ಗೊತ್ತಾಗತೈತ್ರಿ” ಎಂದರು.

ಕಾಲೇಜುಗಳಲ್ಲಿ ಕಲಿಸುವ ಕೃತಕ ಬುದ್ಧಿಮತ್ತೆಯ ಮೊದಲ ಪಾಠಗಳು ಬದಲಾಗುತ್ತ ಬಂದ ಕಥೆ ಈ ಉತ್ತರದಲ್ಲೇ ಅಡಗಿದೆ.

ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಅಲನ್ ಟ್ಯೂರಿಂಗ್ 1950ರಲ್ಲಿ ಎತ್ತಿದರು. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಗೋಷ್ಠಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿತು. ಹೆಸರಿಟ್ಟವರು ಜಾನ್ ಮೆಕಾರ್ಥಿ. ತಜ್ಞರ ತಿಳಿವಳಿಕೆಯನ್ನು ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಾಗಿ ಬರೆದರೆ ಸಾಕೆಂಬ ನಂಬಿಕೆ ಮುಂದೆ ಬಲವಾಯಿತು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ‘ಮೈಸಿನ್’ ಸುಮಾರು 600 ನಿಯಮಗಳ ಬಲದಿಂದ ರಕ್ತದ ಸೋಂಕಿಗೆ ಔಷಧ ಸೂಚಿಸುತ್ತಿತ್ತು.

1986ರಲ್ಲಿ ನಮ್ಮ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನೊಡನೆ ಜ್ಞಾನಾಧಾರಿತ ಗಣಕ ವ್ಯವಸ್ಥೆಗಳ ಯೋಜನೆ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಆ ಕಾಲದ ಪಾಠಗಳಲ್ಲಿ ತರ್ಕ, ಹುಡುಕಾಟ, ನಿಯಮಗಳಿಗೇ ಪ್ರಾಧಾನ್ಯ. ಲಿಸ್ಪ್, ಪ್ರೊಲಾಗ್ ಅವುಗಳ ಭಾಷೆಗಳು.

ಆದರೆ ‘ಹೆಂಗಂತ ಹೇಳೂದ್ರೀ’ ಎನ್ನುವವರಿಂದ ನಿಯಮ ಬರೆಸಿಕೊಳ್ಳುವುದು ಹೇಗೆ? ಉತ್ತರಕ್ಕೆ ದಾರಿ ತೋರಿದ್ದೂ 1986ರಲ್ಲೇ. ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಮೂವರು ‘ನೇಚರ್’ ಪತ್ರಿಕೆಯಲ್ಲಿ, ತನ್ನ ತಪ್ಪಿನಿಂದಲೇ ತಿದ್ದಿಕೊಳ್ಳುವ ನರಜಾಲದ ವಿಧಾನವನ್ನು ವಿವರಿಸಿದರು. ಇಲ್ಲಿ ಯಾರೂ ನಿಯಮ ಬರೆಯಬೇಕಿಲ್ಲ. ಹೆಸರು ಗುರುತಿಸಿದ ಸಾವಿರಾರು ಚಿತ್ರಗಳನ್ನು ತೋರಿಸಿದರೆ ಯಂತ್ರವೂ ನೋಡಿ ನೋಡಿ ಕಲಿಯುತ್ತದೆ. 2012ರ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಹಿಂಟನ್ ಅವರ ತಂಡ ಗೆದ್ದ ಮೇಲೆ ಈ ಮಾರ್ಗವೇ ಮುಂಚೂಣಿಗೆ ಬಂತು. 2024ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಹಂಚಿಕೆಯಾಗಿ ದೊರೆಯಿತು.

ಒಂದು ಮಾತು ಮರೆಯಬಾರದು. ಚಿತ್ರಕ್ಕೆ ‘ಡಬ್ಬಿ’ ಎಂದೋ ‘ಕಡ್ಡಿ’ ಎಂದೋ ಮೊದಲು ಹೆಸರು ಹೇಳಬೇಕಾದವರು ಪಳಗಿದ ಕಣ್ಣಿನ ಮನುಷ್ಯರೇ. ತಪ್ಪು ಹೆಸರು ಕಲಿತ ಯಂತ್ರ ತಪ್ಪು ದರ್ಜೆ ಕೊಟ್ಟರೆ ನಷ್ಟವಾಗುವುದು ಚೀಲ ತಂದ ರೈತನಿಗೆ.

ಈ ಶಾಸ್ತ್ರ ಓದಲು ಹೊರಡುವ ಮೊದಲು ನಿಮ್ಮೂರಿನ ಕಸುಬುದಾರರೊಬ್ಬರ ಬಳಿ ಕುಳಿತು, ಅವರಿಗೆ ತಿಳಿದದ್ದನ್ನು ನಿಯಮಗಳಾಗಿ ಬರೆಯಲು ಪ್ರಯತ್ನಿಸಿ. ಬರೆಯಲಾಗದೆ ಲೇಖನಿ ಎಲ್ಲಿ ನಿಲ್ಲುತ್ತದೋ ನೋಡಿಕೊಳ್ಳಿ. ಈ ಶಾಸ್ತ್ರವೂ ನಿಂತು ಯೋಚಿಸಿದ್ದು ಅಲ್ಲಿಯೇ.